ತಕ್ಕಡಿಯಲ್ಲಿ ಗೆದ್ದ ಮಗು

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಏನಾದರೊಂದು ನೆಪ ತೆಗೆದು ಎದ್ದುಹೋಗಿದ್ದೇನೆ. ಹೇಳಹೊರಟರೆ ಮೊದಲು ನಗು ಬರುತ್ತದೆ, ಅದೇ ಕಷ್ಟ.

ಐವತ್ತರ ದಶಕದ ಕೊನೆ. ಹೈಸ್ಕೂಲು ಮುಗಿಸಿ ಅಜ್ಜಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಗ್ರಾಮಸೇವಕನಾಗಿದ್ದೆ. ದಷ್ಟಪುಷ್ಟ ಮಕ್ಕಳ ಸ್ಪರ್ಧೆ ನಡೆಸುವ ಹುಚ್ಚು ಹತ್ತಿತು. ಶಾಲೆಯ ಅಂಗಳದಲ್ಲಿ ಈರುಳ್ಳಿ ತೂಗುವ ತಕ್ಕಡಿ ಕಟ್ಟಿಸಿದೆ. ಒಂದು ತಟ್ಟೆಯಲ್ಲಿ ತೂಕದ ಕಲ್ಲು, ಇನ್ನೊಂದರಲ್ಲಿ ಮಗು. ಮಕ್ಕಳು ಕಿರುಚಿದವು, ಒದ್ದವು. ಒಬ್ಬ ತಟ್ಟೆಯಲ್ಲೇ ಉಚ್ಚೆ ಹೊಯ್ದು ಪಂಚಾಯ್ತಿ ಅಧ್ಯಕ್ಷರ ಪಂಚೆ ನೆನೆಸಿದ.

"ಈಗ ತೂಕ ಕಮ್ಮಿಯಾಯ್ತು, ಮೊದ್ಲಿಂದಾನೇ ಲೆಕ್ಕ ಹಿಡೀರಿ!" ಎಂದು ಅವನಜ್ಜಿ ಜಗಳಕ್ಕೆ ನಿಂತಳು. ನಕ್ಕು ನಕ್ಕು ನಾನು ಹೊಟ್ಟೆ ಹಿಡಿದುಕೊಂಡೆ.

ಅಳದೆ ಕೂತದ್ದು ಒಂದೇ ಮಗು. ಒಂದೂವರೆ ವರ್ಷದ ಹೆಣ್ಣು; ಉಬ್ಬಿದ ಕೆನ್ನೆ, ಗುಂಡು ಪಾದ, ಕೆಂಚು ಕೂದಲು.

"ನೋಡ್ರಪ್ಪಾ, ಅಮಲ್ದಾರ್ರು ಕೂತಂಗೆ ಕೂತವ್ಳೆ!" ಎಂದು ಕೂಗಿ ಮೊದಲ ಬಹುಮಾನದ ಹಿತ್ತಾಳೆ ಲೋಟವನ್ನು ಅದರ ಮಡಿಲಿಗಿಟ್ಟೆ. ಮಗು ಅದನ್ನು ಮುಟ್ಟಲೂ ಇಲ್ಲ.

ಊರಲ್ಲಿ ಹೆರಿಗೆ ಮಾಡಿಸುತ್ತಿದ್ದ ನರ್ಸಮ್ಮ ಜನರ ನಡುವೆ ತೂರಿ ಬಂದು ಅದರ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಬಿದ್ದ ಗುಳಿ ಹಾಗೇ ಉಳಿಯಿತು.

"ಇದು ಮೈ ಅಲ್ಲ ಕಣ್ರೀ, ನೀರು. ಏನ್ ತಿನ್ನಿಸ್ತೀಯೇ ಇದಕ್ಕೆ?"

"ಇನ್ನೊಂದು ಹುಟ್ಟಿದ್ ಮೇಲೆ ಮೊಲೆ ಬಿಡ್ಸಿದೀನಿ ಕಣ್ರವ್ವ. ಬರೀ ಗಂಜಿ," ಎಂದಳು ತಾಯಿ.

"ಇವತ್ತೇ ನನ್ನ ಜೊತೆ ಬಾ. ಹಿಂಗೇ ಬಿಟ್ರೆ ಮಗು ಉಳಿಯಲ್ಲ."

ನನ್ನ ಸ್ಪರ್ಧೆ ಕೆಡುತ್ತಿತ್ತು. "ಏನ್ ನರ್ಸಮ್ಮ, ಮಗೂನ ರೊಟ್ಟಿ ಹಿಟ್ಟು ಅನ್ಕೊಂಡ್ರಾ? ನೀವೂ ಒಂದು ಹಡ್ಕೊಂಡ್ ಬನ್ನಿ, ಬಹುಮಾನ ಕೊಡಾಣ!" ಎಂದೆ. ಊರೆಲ್ಲ ಗೊಳ್ಳೆಂದಿತು. ಅವರಿಗೆ ಮಕ್ಕಳಾಗಿಲ್ಲವೆಂಬುದು ನನಗೆ ಗೊತ್ತಿತ್ತು.

ತಾಯಿ ಮಗುವನ್ನೂ ಲೋಟವನ್ನೂ ಎತ್ತಿಕೊಂಡು ಮನೆಗೆ ನಡೆದಳು. ನರ್ಸಮ್ಮ ಬಿಡಲಿಲ್ಲ. ಅವಳ ಮನೆಯಲ್ಲೇ ಠಿಕಾಣಿ ಹೂಡಿ, ಹಾಲಿನ ಪುಡಿಗೆ ಕುದಿಸಿದ ನೀರು, ಸಕ್ಕರೆ, ಚೂರು ಎಣ್ಣೆ ಬೆರೆಸಿ ಹೊತ್ತು ಹೊತ್ತಿಗೆ ಚಮಚದಲ್ಲಿ ಕುಡಿಸಿದರು. ಒಮ್ಮೆಗೇ ಹೆಚ್ಚು ಕೊಟ್ಟರೆ ಅಂಥ ಮಗುವಿನ ಜೀವ ತಡೆಯದು ಎನ್ನುತ್ತಿದ್ದರು. ವಾರದಲ್ಲಿ ಊತ ಇಳಿದು ಮಗು ಕಡ್ಡಿಯಾಯಿತು.

"ಬಹುಮಾನದ ಮಗೂನ ಕರಗಿಸ್ಬಿಟ್ಲು," ಎಂದು ಊರು ಆಡಿಕೊಂಡಿತು. ಇಳಿದದ್ದು ನೀರು ಎಂದು ನಾಲ್ಕು ಜನರಿಗೆ ಹೇಳಬೇಕಾದವನು ನಾನು. ಹೇಳಿದರೆ ನನ್ನ ತೀರ್ಪು ನಗೆಪಾಟಲಾಗುತ್ತಿತ್ತು. ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ ಆ ಮನೆಯ ಮುಂದೆ ಹೋಗುತ್ತಿದ್ದೆ. ಒಳಗಿಂದ ಸೂರು ಹಾರುವಂಥ ಅಳು! ಇಣುಕಿದರೆ ಮಗು ಚಮಚಕ್ಕೆ ಒದ್ದಿದೆ, ನರ್ಸಮ್ಮನ ಮುಖವೆಲ್ಲ ಹಾಲು. "ಅತ್ಲು ಕಣೇ! ಹಟ ಮಾಡ್ತಾವ್ಳೆ ಕಣೇ! ಇನ್ನು ಉಳ್ಕೊಂಡ್ಲು!" ಎಂದು ಅವರು ತಾಯಿಯ ಕೈ ಹಿಡಿದು ಗಿರಗಿರನೆ ತಿರುಗಿದರು. ಹೊಸಿಲಾಚೆ ನಾನೂ ನಗತೊಡಗಿದ್ದೆ.

ನರ್ಸಮ್ಮ ನನ್ನನ್ನು ನೋಡಿದರು. "ಬನ್ನಿ ಒಳಗೆ, ನೀವೂ ಒಂದು ಒದೆ ತಿನ್ನಿ!" ಎಂದರು. ಕೆಲಸವಿದೆ ಎಂದು ಓಡಿದೆ.

ತಾಯಿಯ ಬಳಿ ಮುಂದೆ ಒಂದು ದಿನ ತಪ್ಪೊಪ್ಪಿಕೊಂಡೆ. "ಬಿಡಪ್ಪಾ, ನಂಗೇ ಗೊತ್ತಾಗ್ಲಿಲ್ಲ," ಎಂದಳು. ಅಷ್ಟರಲ್ಲಿ ನರ್ಸಮ್ಮನಿಗೆ ತರೀಕೆರೆಗೆ ವರ್ಗವಾಗಿತ್ತು. ದಿನಕ್ಕೆ ಎರಡು ಬಸ್ಸು ಹೋಗುತ್ತಿದ್ದವು, ನಾನು ಹತ್ತಲಿಲ್ಲ. ಕ್ಷಮೆ ಕೇಳದೇ ಉಳಿದದ್ದು ಅವರೊಬ್ಬರನ್ನೇ.