ಮೆಟ್ಟಿಲಿನ ಸರದಿ

ಗ್ಲಾಸ್ಗೋದ ನಮ್ಮ ಹಳೆಯ ವಠಾರಕ್ಕೆ ಒಡೆಯ ಯಾರೇ ಇರಲಿ, ಮೆಟ್ಟಿಲಿಗೆ ಒಡತಿ ಮಿಸೆಸ್ ಗಿಲ್‌ಹೂಲಿ. ವಾರಕ್ಕೊಂದು ಮನೆಯವರು ಮೆಟ್ಟಿಲು ತೊಳೆದು, ಸರದಿಯ ರಟ್ಟನ್ನು ಮುಂದಿನ ಮನೆಯ ಬಾಗಿಲ ಹಿಡಿಗೆ ನೇತುಹಾಕಬೇಕು. ತೊಳೆದದ್ದನ್ನು ಅವಳು ಬೆರಳಿನಿಂದ ಸವರಿ ನೋಡಿ, “ಏನ್ ತಾಯಿ, ಮೂಲೆಗೆ ಇವತ್ತು ಉಪವಾಸಾನಾ?” ಎನ್ನುತ್ತಾಳೆ. ಮೆಟ್ಟಿಲಂಚಿಗೆ ಅವಳು ಬಿಳಿ ಜೇಡಿಯಲ್ಲಿ ಬರೆದ ಬಳ್ಳಿಯನ್ನು ತುಳಿಯಲು ಪಾದ್ರಿಗಳೂ ಹೆದರುತ್ತಾರೆ. ಒಂದೊಂದು ಕೋಣೆಯಲ್ಲಿ ಹತ್ತು ಜನ ಮಲಗುತ್ತಿದ್ದಾಗಲೂ ಸರದಿ ತಪ್ಪಲಿಲ್ಲ. ಹಡಗಿನ ಕಾರ್ಖಾನೆ ಮುಚ್ಚಿ ಗಂಡಸರು ಮೆಟ್ಟಿಲ ಮೇಲೇ ದಿನ ದೂಡತೊಡಗಿದಾಗ, ಅವರ ಕಾಲೆತ್ತಿಸಿ ತೊಳೆಸಿದಳು. ಈಗ ನಗರಸಭೆ ವಠಾರವನ್ನೇ ಕೆಡವಲು ಹೊರಟಿದೆ. ಎಂಟು ಮನೆಗಳಲ್ಲಿ ಆರು ಮನೆಯವರು ಊರಂಚಿನ ಇಪ್ಪತ್ತು ಮಹಡಿಯ ಕಟ್ಟಡಗಳಿಗೆ ಹೋಗಿಯಾಯಿತು. “ಇನ್ಸ್‌ಪೆಕ್ಟರು ಬರ್ಲಿ. ಇಷ್ಟು ಚೊಕ್ಕವಾಗಿರೋ ಮೆಟ್ಟಿಲು ನೋಡಿದ್ಮೇಲೆ ಕೆಡವೋಕೆ ಮನಸ್ಸು ಬರುತ್ತಾ?” ಎಂದು ಅವಳು ಕೇಳಿದಾಗ, “ಎಲ್ಲಿ ಬರುತ್ತೆ, ಬಿಡಿ” ಎಂದುಬಿಟ್ಟೆ. ಖಾಲಿ ಮನೆಗಳ ಬಾಗಿಲುಗಳಿಗೂ ಅವಳು ತಪ್ಪದೆ ರಟ್ಟು ನೇತುಹಾಕುತ್ತಾಳೆ. ಶುಕ್ರವಾರ ಸಂಜೆಯವರೆಗೆ ಕಾದು, “ಮರೆತಿರ್ಬೇಕು, ಪಾಪ” ಎಂದು ತಾನೇ ಬಕೆಟ್ಟು ಹಿಡಿಯುತ್ತಾಳೆ. ಈ ಶುಕ್ರವಾರದ ಸರದಿ ನನ್ನದು. ನಾಳೆ ಬೆಳಿಗ್ಗೆ ನಮ್ಮ ಸಾಮಾನಿಗೆ ಲಾರಿ ಬರುತ್ತದೆ. ಅವಳಿಗೆ ಇನ್ನೂ ಹೇಳಿಲ್ಲ. ಅವಳು ಮೇಲಿನ ಕಟಕಟೆಗೆ ಒರಗಿ ನೋಡುತ್ತಿದ್ದಾಳೆ. ನಾನು ತಲೆಯೆತ್ತದೆ ಒಂದೇ ಮೂಲೆಯನ್ನು ಮೂರನೆಯ ಸಲ ಉಜ್ಜುತ್ತಿದ್ದೇನೆ. ಮುಗಿದರೆ ರಟ್ಟನ್ನು ಮುಂದಿನ ಬಾಗಿಲಿಗೆ ಹಾಕಬೇಕು. ಮುಂದಿನ ಬಾಗಿಲು ಅವಳದು.