ದೊಡ್ಡಮ್ಮ ಇಳಿಸಿದ ಮೊರ

ಬೆಳಿಗ್ಗೆ ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋದರು. ನಮ್ಮ ಸಕಲೇಶಪುರದಲ್ಲಿ ಡೆಂಗಿ ಜ್ವರ ಶುರುವಾಗಿದೆಯಂತೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊರೊನಾ ಎರಡನೇ ಸಲ ಬಂದ ಬೇಸಿಗೆ, ಬೆಳಗೋಡು ಕಡೆಯ ನಮ್ಮ ದೊಡ್ಡಮ್ಮನ ಮನೆ, ನಾನು ಓದಿ ಮುಗಿಸಲಾರದೆ ಒದ್ದಾಡಿದ ಒಂದು ಕಾದಂಬರಿ, ಎಲ್ಲ ಒಟ್ಟಿಗೇ ನೆನಪಾದವು. ಬೇಡದ ವರ್ಷವನ್ನು ಹೀಗೆ ವಾಸನೆಯೊಂದು ಕೈಹಿಡಿದು ಕರೆತರುವುದು ನಿಮಗೂ ಗೊತ್ತಿರಬೇಕು.

ಒಂದೆರಡು ದಿನ ಇದ್ದು ಬರೋಣವೆಂದು ಹೋದವಳು ಲಾಕ್‌ಡೌನಿಗೆ ಸಿಕ್ಕಿ ಅಲ್ಲೇ ಉಳಿದೆ. ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ, ಎರಡು ಹಸು, ಊರೆಲ್ಲ ಹೆದರುವಷ್ಟು ಬಾಯಿ. ನನ್ನ ಚೀಲದಲ್ಲಿ ಬಟ್ಟೆಯ ಜೊತೆ ಆ ಕಾದಂಬರಿ ಇತ್ತು. ಊರೊಂದಕ್ಕೆ ಸಾಂಕ್ರಾಮಿಕ ರೋಗ ಬರುತ್ತದೆ, ಊರ ಬಾಗಿಲು ಮುಚ್ಚುತ್ತಾರೆ, ಒಳಗೆ ಉಳಿದವರು ಏನು ಮಾಡುತ್ತಾರೆ ಎನ್ನುವುದೇ ಕಥೆ. ಅಸ್ತಿತ್ವವಾದದ ದೊಡ್ಡ ಕೃತಿ ಎಂದು ಯಾರೋ ಹೊಗಳಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು ಅಂಥದ್ದನ್ನು ಓದದಿದ್ದರೆ ಮರ್ಯಾದೆಯೇ? ಓದಲು ಕೂತರೆ ಮಾತ್ರ ಪುಟಕ್ಕೊಂದು ಆಕಳಿಕೆ.

"ಅದೇನ್ ಕತೆ, ಗಟ್ಟಿಯಾಗಿ ಓದೇ" ಎಂದಳು ದೊಡ್ಡಮ್ಮ ಒಂದು ಮಧ್ಯಾಹ್ನ, ಹಲಸಿನ ಬೀಜ ಸುಲಿಯುತ್ತಾ. ಸ್ವಲ್ಪ ಹೊತ್ತು ಕೇಳಿ, "ಆ ಡಾಕ್ಟ್ರು ಕೊನೇಗೆ ಗೆಲ್ತಾನಾ?" ಎಂದಳು.

"ಗೆಲ್ಲೋದು ಅಂತ ಏನಿಲ್ಲ ದೊಡ್ಡಮ್ಮ. ಸೋಲ್ತೀನಿ ಅಂತ ಗೊತ್ತಿದ್ರೂ ಕೆಲಸ ಬಿಡೋದಿಲ್ಲ. ಅದಕ್ಕೇ ಅಸಂಗತ ಅನ್ನೋದು."

"ಅದಿರ್ಲಿ, ಊಟಕ್ಕೇನ್ ಮಾಡ್ತಾನೆ?"

ನಾನು ಅದನ್ನು ಗಮನಿಸಿರಲಿಲ್ಲ. ದೊಡ್ಡಮ್ಮನಿಗೆ ಆ ಕಾದಂಬರಿಯ ಮೇಲೆ ಅಲ್ಲಿಗೇ ನಂಬಿಕೆ ಹೋಯಿತು.

ಅಷ್ಟರಲ್ಲಿ ದೊಡ್ಡಮ್ಮನ ಊರಿಗೂ ಜ್ವರ ಬಂತು. ಕೆಲವರು ಮಲಗಿದರು, ಒಬ್ಬ ಅಜ್ಜ ತೀರಿಕೊಂಡರು. ಊರ ಯಜಮಾನ ಈರೇಗೌಡರು ಮಾರಿ ಕಳಿಸುವುದೆಂದು ತೀರ್ಮಾನಿಸಿದರು. ನಿಮ್ಮ ಕಡೆ ಈ ಪದ್ಧತಿ ಇದೆಯೋ ಇಲ್ಲವೋ, ಹೇಳಿಬಿಡುತ್ತೇನೆ. ಮೊರದಲ್ಲಿ ಬೇವಿನ ಸೊಪ್ಪು, ಅರಿಶಿನ ಕುಂಕುಮ, ಹಸಿರು ಬಳೆ, ಮೊಸರನ್ನ ಇಟ್ಟು, ರೋಗದ ತಾಯಿಯನ್ನು ಅದರೊಳಕ್ಕೆ ಕರೆದು, ಊರ ಗಡಿಯಾಚೆ ಇಳಿಸಿ ಬರುವುದು. ಆಚೆ ಊರಿನವರು ಅದನ್ನು ತಮ್ಮ ಗಡಿ ದಾಟಿಸಬೇಕು. ಹೀಗೆ ಊರಿಂದೂರಿಗೆ ಹೋಗುವ ಮಾರಿ ಕೊನೆಗೆ ಎಲ್ಲಿ ನಿಲ್ಲುತ್ತಾಳೆಂದು ಯಾರೂ ಕೇಳಿದ್ದಿಲ್ಲ. ಅವಳು ತಿರುಗಿ ಬಾರದಂತೆ ಆ ದಾರಿಗೆ ಮುಳ್ಳು ಬಡಿಯುತ್ತಾರೆ. ಅಮಾವಾಸ್ಯೆ ಕಳೆಯುವ ತನಕ ಅತ್ತಲಿಂದ ನರಪಿಳ್ಳೆಯೂ ಬರುವಂತಿಲ್ಲ. ಮೊರ ಹೊರುವುದು ಗಡಿಯ ಕೊನೆಯ ಮನೆಯ ಹೆಂಗಸಿನ ಹಕ್ಕು. ಆ ಕೊನೆಯ ಮನೆ ದೊಡ್ಡಮ್ಮನದು. ಅವಳ ಅಂಗಳ ದಾಟಿದರೆ ಹಳ್ಳ, ಹಳ್ಳ ದಾಟಲೊಂದು ಮರದ ಸಂಕ, ಆಚೆ ದಡದಲ್ಲಿ ಬೇರೆ ಊರು.

ಆಚೆ ದಡದಲ್ಲಿ ಭಾಗ್ಯ ಇದ್ದಳು. ದೊಡ್ಡಮ್ಮನ ತೋಟಕ್ಕೆ ಕಾಫಿ ಕೊಯ್ಯಲು ಬರುತ್ತಿದ್ದ ಹುಡುಗಿ, ಈಗ ತುಂಬು ಬಸುರಿ. ಹೊರಗಿನವರು ಬಾರದಿರಲೆಂದು ಅವರ ಊರಿನ ಗಾಡಿ ರಸ್ತೆಗೆ ಯಾರೋ ಮರ ಕಡಿದು ಅಡ್ಡ ಕೆಡವಿದ್ದರು. ಆಸ್ಪತ್ರೆಗೆ ಹೋಗಲು ಉಳಿದದ್ದು ಸಂಕದ ದಾರಿ ಒಂದೇ.

"ಮುಳ್ಳು ಬಡುದ್ರೆ ಆ ಹುಡ್ಗಿ ಏನ್ ಮಾಡ್ಬೇಕು ಗೌಡ್ರೇ?" ಎಂದು ದೊಡ್ಡಮ್ಮ ಕೇಳಿದಳು.

"ಊರು ದೊಡ್ಡದೋ, ಒಬ್ಳು ದೊಡ್ಡೋಳೋ? ಸುಮ್ಕೆ ಹೊತ್ಕೊಂಡ್ ಹೋಗಕ್ಕ."

ದೊಡ್ಡಮ್ಮ ಒಳಗೆ ಹೋಗಿ ಮೊರ ತಂದು ತೊಳೆದಳು. ಅದನ್ನು ಕಂಡು ನನಗೆ ದುಃಖವಾಯಿತು. ಜಗಳ ತಪ್ಪಿತೆಂದು ಸಮಾಧಾನವೂ ಆಯಿತು, ಸುಳ್ಳೇಕೆ ಹೇಳಲಿ.

ಮಂಗಳವಾರ ತಮಟೆ ಬಡಿಯುತ್ತಾ ಹೊರಟರು. ಮುಂದೆ ತಲೆಯ ಮೇಲೆ ಮೊರ ಹೊತ್ತ ದೊಡ್ಡಮ್ಮ, ಹಿಂದೆ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡ ಊರು. ತನ್ನ ಅಂಗಳಕ್ಕೆ ಬಂದವಳು ನಿಂತಳು. ಸಂಕಕ್ಕೆ ಹೋಗುವ ಕಾಲುದಾರಿಯ ನಟ್ಟನಡುವೆ ಮೊರ ಇಳಿಸಿದಳು.

"ಅಲ್ಲಿ ಯಾಕ್ ಇಳಿಸ್ದೆ? ಸಂಕ ದಾಟಕ್ಕ!" ಎಂದು ಗೌಡರು ಕೂಗಿದರು.

"ದಾಟಲ್ಲ. ಆಚೆ ಇರೋರೂ ಮನುಷ್ರೇ ಕಣ್ರೀ. ಇವ್ಳು ಇಲ್ಲೇ ಇರ್ಲಿ, ನಮ್ಮನೇಲಿ."

ತಮಟೆ ನಿಂತಿತು. "ತಲೆ ಕೆಟ್ಟೋಗೈತಾ ನಿಂಗೆ? ಮಾರಿನ ಯಾರಾರ ಮನೇಲಿ ಇಟ್ಕೊಂತಾರಾ?"

"ನಾನ್ ಇಟ್ಕೊಂತೀನಿ. ಮುಳ್ಳು ಬಡಿಯೋರು ಇವ್ಳನ್ನ ದಾಟ್ಕೊಂಡ್ ಹೋಗಿ ಬಡೀರಪ್ಪ, ನೋಡ್ತೀನಿ."

ಮುಳ್ಳಿನ ಹೊರೆ ಹೊತ್ತು ಬಂದವರು ಮೊರವನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಯಾರೂ ಕಾಲಿಡಲಿಲ್ಲ.

ಆಮೇಲೆ ನಮ್ಮ ಮನೆಯ ಕಡೆ ಯಾರೂ ತಲೆ ಹಾಕಲಿಲ್ಲ. ಡೈರಿಯಲ್ಲಿ ನಮ್ಮ ಹಾಲು ಬೇಡವೆಂದರು. ಹಾಲೆಲ್ಲ ನಾವೇ ಕುಡಿದು ನಾನು ದುಂಡಗಾದೆ. ಧೈರ್ಯವಂತೆಯೆಂದು ತಿಳಿಯಬೇಡಿ, ಆ ಮೊರ ಕಾಣದಿರಲೆಂದು ನಾನು ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದೆ. ಬಿ.ಎಡ್. ಮಾಡಿದ್ದು ಯಾವ ಉಪಯೋಗಕ್ಕೂ ಬರಲಿಲ್ಲ. ದೊಡ್ಡಮ್ಮ ಮಾತ್ರ ದಿನಾ ಮಿಂದು ಬೇವಿನ ಸೊಪ್ಪು ಬದಲಿಸಿ, "ನೀನೂ ಉಣ್ಣವ್ವ" ಎಂದು ಮಾರಿಗೆ ಒಂದು ಹಿಡಿ ಅನ್ನ ಇಟ್ಟು, ಕಳೆ ತೆಗೆಯಲು ಹೋಗುತ್ತಿದ್ದಳು. ಕಾದಂಬರಿಯನ್ನು ಆ ದಿನಗಳಲ್ಲೇ ಓದಿ ಮುಗಿಸಿದೆ. ಆಕಳಿಕೆ ಬರಲಿಲ್ಲ.

ಒಂದು ಮುಂಜಾನೆ ಭಾಗ್ಯ ಅತ್ತೆಯ ಹೆಗಲು ಹಿಡಿದು ಸಂಕ ದಾಟಿ ಬಂದಳು, ನೋವು ಶುರುವಾಗಿತ್ತು. ಮೊರ ಕಂಡದ್ದೇ ಕಲ್ಲಾಗಿ ನಿಂತಳು. ದೊಡ್ಡಮ್ಮ ಹೋಗಿ ಕೈ ಹಿಡಿದಳು. "ಇವ್ಳೂ ಹೆಂಗ್ಸೇ ಕಣವ್ವ, ದಾರಿ ಬುಡ್ತಾಳೆ, ಬಾ." ನಾನು ಫೋನ್ ಮಾಡಿ ಕರೆಸಿದ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಹೆಣ್ಣು ಮಗು ಹುಟ್ಟಿತು. ಊರಿನಲ್ಲಿ ಜ್ವರ ಇನ್ನೂ ಕೆಲವರನ್ನು ಮಲಗಿಸಿ ಹೋಯಿತು. ಮಾರಿಯನ್ನು ಕಳಿಸದೆ ಉಳಿಸಿಕೊಂಡಿದ್ದಕ್ಕೇ ಹೀಗಾಯಿತು ಎನ್ನುವವರು ಇವತ್ತಿಗೂ ಇದ್ದಾರೆ.

ಇಷ್ಟು ಬರೆಯುವಾಗ ಫೋನ್ ಬಂತು. ದೊಡ್ಡಮ್ಮನೇ.

"ಇಲ್ಲೂ ಸೊಳ್ಳೆ ಜ್ವರ ಕಣೆ. ಮತ್ತೆ ಮೊರ ಕಟ್ತಾವ್ರೆ. ನನ್ ಮಂಡಿ ಏಳಕ್ಕೇ ಬುಡ್ತಿಲ್ಲ. ಹೊರೋಕೆ ಈ ಮನೆ ಹೆಂಗ್ಸೇ ಆಗ್ಬೇಕಂತೆ." ಬಾ ಎಂದು ಕರೆಯಲಿಲ್ಲ.

"ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಅಂಗಳದಲ್ಲೇ ಇಳಿಸ್ತೀನಿ" ಎಂದೆ.

"ಹೆದ್ರಿಕೆ ಐತೇನೆ?"

"ಐತೆ ದೊಡ್ಡಮ್ಮ."

"ಹಂಗಾದ್ರೆ ಬಾ. ನಂಗೂ ಇತ್ತು."