ಡಾನ್ ಸಬೀನೊನ ಚಳಿಗಾಲ

ಇಟಲಿಯ ಬಾರಿ ಪಟ್ಟಣದ ಕಡಲದಂಡೆಯ ಆ ಐದಂತಸ್ತಿನ ಕಟ್ಟಡದ ಚಳಿಗಾಲವೆಲ್ಲ ಅದರ ಕಾವಲುಗಾರ ಡಾನ್ ಸಬೀನೊನ ಜೇಬಿನಲ್ಲಿದೆ. ಮನೆಮನೆಗೂ ಬಿಸಿ ಹರಿಸುವ ಬಾಯ್ಲರ್ ಕೋಣೆಯ ಕೀಲಿ ಅವನದು. ನವೆಂಬರ್ ಹದಿನೈದಕ್ಕೆ ಹೊತ್ತಿಸು, ಮಾರ್ಚ್ ಮೂವತ್ತೊಂದಕ್ಕೆ ಆರಿಸು ಎಂದು ಸರಕಾರ ಹೇಳಿದೆ. ಇನ್ನು ಆಕಾಶ ಏನು ಹೇಳಿದರೆ ಅವನಿಗೇನು? ಬೇಸಿಗೆಯ ಕಾವನ್ನು ಹೊಟ್ಟೆಯಲ್ಲಿಟ್ಟುಕೊಂಡ ಸಮುದ್ರ ನವೆಂಬರಿನಲ್ಲೂ ಬೆಚ್ಚಗಿರುತ್ತದೆ. ಜನ ಇನ್ನೂ ಈಜುತ್ತಿರುವಾಗಲೇ ಇವನು ಮಫ್ಲರ್ ಸುತ್ತಿಕೊಂಡು ಬಾಯ್ಲರ್ ಹೊತ್ತಿಸುತ್ತಾನೆ, ಕಟ್ಟಡಕ್ಕೆ ಕಟ್ಟಡವೇ ಬೆವರು ಒರೆಸಿಕೊಂಡು ಬಯ್ಯುತ್ತದೆ. ಏಪ್ರಿಲಿನಲ್ಲಿ ಅದೇ ಸಮುದ್ರ ಕೊರೆಯುತ್ತದೆ, ಉತ್ತರದ ಗಾಳಿ ಬಾಗಿಲು ಗುದ್ದುತ್ತದೆ. ಇವನು ಹತ್ತಿಯ ಅಂಗಿ ತೊಟ್ಟು ಮೆಟ್ಟಿಲ ಮೇಲೆ ನಡುಗುತ್ತಾನೆ. “ಡಾನ್ ಸಬೀನೊ, ನಿಮ್ಮ ಹಲ್ಲು ತಾಳ ಹಾಕ್ತಿದೆಯಲ್ರೀ!” ಎಂದರೆ, “ವಸಂತ ಬಂತಲ್ಲ ಸಿನ್ಯೋರಾ, ಸಂತೋಷಕ್ಕೆ” ಎನ್ನುತ್ತಾನೆ. ಈ ಏಪ್ರಿಲಿನಲ್ಲಿ ಮೂರನೇ ಮಹಡಿಯ ರೋಸಾಲ್ಬಾ ಜಗಳಕ್ಕೆಂದೇ ಅವನ ಬಾಗಿಲು ತಳ್ಳಿದಳು. “ಹಾಸಿಗೆ ಹಿಡಿದಿರೋ ಹೆಂಡ್ತಿ ಮುಖ ನೋಡಿಯಾದ್ರೂ ಹೊತ್ತಿಸ್ರೀ! ಬೆಚ್ಚಗಿಡಿ ಅಂತ ಡಾಕ್ಟರು ಹೇಳಿಲ್ವಾ?” ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಮಂಚದ ಮೇಲಿದ್ದ ಹೆಂಡತಿ ನುಂಜಿಯಾಳ ಎರಡೂ ಪಾದಗಳನ್ನು ಅಂಗಿಯೊಳಗೆ ಎಳೆದುಕೊಂಡು ತನ್ನ ಬರಿಹೊಟ್ಟೆಗೆ ಒತ್ತಿಕೊಂಡು ಕೂತಿದ್ದ. “ಇವಳಿಗೋಸ್ಕರ ಹೊತ್ತಿಸಿದ್ರೆ, ಹೆಂಡ್ತಿಗೊಂದು ಕಾನೂನು ನಮಗೊಂದು ಅಂತ ನಾಳೆ ನೀವೇ ಅಂತೀರಿ” ಎಂದ. ಹಾಗೆ ಅನ್ನುವವರಲ್ಲಿ ಮೊದಲನೆಯವಳು ತಾನೇ ಎಂದು ರೋಸಾಲ್ಬಾಳಿಗೆ ಗೊತ್ತಿತ್ತು. ಅವಳು ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು, ನುಂಜಿಯಾಳ ಕೈಗಳನ್ನು ತನ್ನ ಸ್ವೆಟರಿನೊಳಗೆ ಸೇರಿಸಿಕೊಂಡಳು.